ಆಡಗೊಡದವರೇ ಅರ್ಹತೆ ಕೇಳಿದರು

ಅರ್ಹತೆ ಎಂಬ ಮಾತು ಕೇಳಿ ಕೇಳಿ ನಮ್ಮ ಕಿವಿ ಮರಗಟ್ಟಿದೆ. ಮೀಸಲಾತಿ ಅಂದರೆ ಅರ್ಹತೆ, ಬಡ್ತಿ ಅಂದರೆ ಅರ್ಹತೆ, ಮೆಡಿಕಲ್ ಸೀಟು ಅಂದರೆ ಅರ್ಹತೆ. ಈ ಮಾತಾಡುವ ಜನ ಕೊನೆಗೆ ಬತ್ತಳಿಕೆಯಿಂದ ಒಂದೇ ಬಾಣ ತೆಗೀತಾರೆ: "ಹಾಗಾದ್ರೆ ಕ್ರಿಕೆಟ್ ಟೀಮಿಗೂ ಮೀಸಲಾತಿ ಇಡ್ತೀರೇನ್ರೀ?" ಮೈದಾನದಲ್ಲಿ ಜಾತಿ ಇಲ್ಲ, ಆಡಬಲ್ಲವನು ಆಡ್ತಾನೆ, ಆಡಲಾರದವನು ಮನೆಗೆ ಹೋಗ್ತಾನೆ ಎಂಬುದು ಅವರ ವಾದ. ಈ ಪ್ರಶ್ನೆಗೆ ಉತ್ತರ ತೋಚದೆ ನಮ್ಮ ಎಷ್ಟೋ ಹುಡುಗರು ಕಾಲೇಜು ಹಾಸ್ಟೆಲುಗಳಲ್ಲಿ ತಲೆ ತಗ್ಗಿಸಿದ್ದಾರೆ.

ಆದ್ದರಿಂದ ಮೈದಾನಕ್ಕೇ ಹೋಗೋಣ. ದೊಡ್ಡವರ ಮೈದಾನ ಬೇಡ, ಅಲ್ಲಿಗೆ ಬರುವಷ್ಟರಲ್ಲಿ ಯಾರು ಒಳಗೆ ಯಾರು ಹೊರಗೆ ಅನ್ನೋದು ತೀರ್ಮಾನವಾಗಿರುತ್ತೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಮೈದಾನಕ್ಕೆ ಹೋಗೋಣ. ಆಟಗಾರ ತಯಾರಾಗುವುದು ಅಲ್ಲಿ. ನಾವು ನೋಡಲಿರುವುದು ಅಮೆರಿಕದ ಒಂದು ಮೈದಾನ.

ಅಮೆರಿಕ ನಮಗೇಕೆ ಅಂತ ಕೇಳಬಹುದು. 1873ರಲ್ಲಿ ಜೋತಿಬಾ ಫುಲೆಯವರು 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗೆ ತ್ಯಾಗ ಮಾಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಅಲ್ಲಿನ ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಕಾಗದ ಬರೆದು, ನಿಮ್ಮವರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ತುಂಬಾ ಹೋಲಿಕೆ ಇದೆ ಅಂದರು. 1972ರಲ್ಲಿ ಮುಂಬಯಿಯ ದಲಿತ ತರುಣರು ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ನಮ್ಮ ಅವರ ನೆಂಟಸ್ತನ ಹಳೇದು.

*

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ಒಂದು ಬಂದರು ಪಟ್ಟಣ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಜನರನ್ನು ಇಳಿಸಿ, ಹಲ್ಲು ನೋಡಿ ತೋಳು ಹಿಡಿದು ನೋಡಿ ಮಾರಿದ ಊರು. ಗುಲಾಮಗಿರಿಯನ್ನು ಉಳಿಸಿಕೊಳ್ಳೋದಕ್ಕೆ ದಕ್ಷಿಣದ ಧಣಿಗಳು ಹೂಡಿದ ಯುದ್ಧದ ಮೊದಲ ಗುಂಡು 1861ರ ಏಪ್ರಿಲ್‌ನಲ್ಲಿ ಹಾರಿದ್ದು ಇದೇ ಬಂದರಿನಲ್ಲಿ. ಧಣಿಗಳು ಯುದ್ಧ ಸೋತರು, ಗುಲಾಮಗಿರಿ ಕಾಯಿದೆಯಲ್ಲಿ ಹೋಯಿತು. ಆದರೆ ಬೇಲಿ ಹೋಗಲಿಲ್ಲ. ಬೇರೆ ಬೇರೆಯಾಗಿದ್ದರೂ ಸಮಾನವಾಗಿದ್ದರೆ ಸಾಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 1896ರಲ್ಲಿ ಹೇಳಿತು. ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಆಟದ ಬಯಲು. ಬೇರೆ ಎಂಬುದು ಚಾಚೂ ತಪ್ಪದೆ ಜಾರಿಗೆ ಬಂತು. ಸಮಾನ ಎಂಬುದು ಕಾಗದದಲ್ಲೇ ಉಳಿಯಿತು. ಊರಿಗೊಂದು ಬಾವಿ, ಕೇರಿಗೊಂದು ಗುಂಡಿ ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ ರಾಜ್ಯದ ಕ್ಲಾರೆಂಡನ್ ಕೌಂಟಿಯಲ್ಲಿ 1947ರಲ್ಲಿ ಕಪ್ಪು ತಂದೆತಾಯಿಗಳು ಕೇಳಿದ್ದು ದೊಡ್ಡದೇನಲ್ಲ. ಮಕ್ಕಳು ಶಾಲೆಗೆ ಹೋಗೋಕೆ ಒಂದು ಬಸ್ಸು. ಬಿಳಿ ಮಕ್ಕಳಿಗೆ ಬಸ್ಸುಗಳಿದ್ದವು, ಇವರ ಮಕ್ಕಳು ಮೈಲಿಗಟ್ಟಲೆ ನಡೀಬೇಕಾಗಿತ್ತು. ಬಸ್ಸು ಕೊಡಲ್ಲ ಅಂದರು. ಆ ಬಸ್ಸಿನ ತಕರಾರೇ ಬೆಳೆದು, ಬೇರೆ ನಾಲ್ಕು ಮೊಕದ್ದಮೆಗಳ ಜೊತೆ ಸೇರಿ, 1954ರ ಮೇ 17ರಂದು ಶಾಲೆಗಳಲ್ಲಿ ಬೇರೆ ಕೂರಿಸುವುದೇ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪಾಯಿತು. ಮಕ್ಕಳು ಒಂದೂರಿಂದ ಇನ್ನೊಂದೂರಿಗೆ ಹೋಗಲು ಯಾರಿಗೆ ಗಾಡಿ ಇದೆ, ಯಾರಿಗಿಲ್ಲ ಎಂಬ ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತೆ.

ತೀರ್ಪಾಗಿ ಒಂದು ವರ್ಷಕ್ಕೆ ನಮ್ಮ ಕಥೆ ಶುರುವಾಗುತ್ತೆ. ಬೇಸ್‌ಬಾಲ್ ಅಂದರೆ ಕ್ರಿಕೆಟ್ಟಿನ ದಾಯಾದಿ, ಅಮೆರಿಕದ ಊರೂರಿನ ಆಟ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಲ್ಲಿ ಮಕ್ಕಳಿಗೆಂದೇ ಲಿಟ್ಲ್ ಲೀಗ್ ಎಂಬ ಸಂಸ್ಥೆ ಹುಟ್ಟಿತು. ಅದರ ಕ್ರಮ ಹೀಗೆ: ಊರಿನಲ್ಲಿ ನಾಲ್ಕಾರು ತಂಡ ಕಟ್ಟಿ ಮಕ್ಕಳು ತಮ್ಮತಮ್ಮಲ್ಲೇ ಆಡುತ್ತಾರೆ. ಬೇಸಿಗೆಯಲ್ಲಿ ಅವರಲ್ಲಿ ಚೆನ್ನಾಗಿ ಆಡುವವರನ್ನು ಆರಿಸಿ ಒಂದು ಊರ ತಂಡ ಮಾಡುತ್ತಾರೆ. ಆ ತಂಡ ಊರಿಂದೂರಿಗೆ ಹೋಗಿ, ಜಿಲ್ಲೆ, ರಾಜ್ಯ, ಪ್ರಾಂತ ಅಂತ ಗೆಲ್ಲುತ್ತಾ ಹೋದರೆ ಕೊನೆಗೆ ವಿಲಿಯಮ್ಸ್‌ಪೋರ್ಟ್ ಮುಟ್ಟುತ್ತೆ. ತನಗಿಂತ ಗಟ್ಟಿ ಹುಡುಗನ ಎದುರು ನಿಂತು, ಸೋತು, ಯಾಕೆ ಸೋತೆ ಅಂತ ಯೋಚನೆ ಮಾಡಿ ಹುಡುಗ ಆಟಗಾರನಾಗೋದು ಈ ತಿರುಗಾಟದಲ್ಲಿ.

ಚಾರ್ಲ್‌ಸ್ಟನ್ನಿನ ಕ್ಯಾನನ್ ಬೀದಿಯಲ್ಲಿ ಕಪ್ಪು ಜನರದೇ ಒಂದು ವೈಎಂಸಿಎ ಇತ್ತು. ಅದರ ಅಧ್ಯಕ್ಷ ರಾಬರ್ಟ್ ಮಾರಿಸನ್ ನೇತೃತ್ವದಲ್ಲಿ ಕೇರಿಯ ಹಿರಿಯರು ಸೇರಿ ಮಕ್ಕಳಿಗೆ ನಾಲ್ಕು ತಂಡ ಕಟ್ಟಿದರು, ಲಿಟ್ಲ್ ಲೀಗ್‌ನಲ್ಲಿ ಹೆಸರು ಬರೆಸಿದರು. ಕಟ್ಟಬೇಕಾದ ಹಣ ಕಟ್ಟಿದರು, ಪಾಲಿಸಬೇಕಾದ ನಿಯಮ ಪಾಲಿಸಿದರು. ಜ್ಯಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ದೊಡ್ಡವರ ಲೀಗಿನ ಬಣ್ಣದ ಗೋಡೆ ಒಡೆದು ಎಂಟು ವರ್ಷವಾಗಿತ್ತು. ಆ ಮಕ್ಕಳೆಲ್ಲ ರಾಬಿನ್ಸನ್ ಆಗಲು ಹೊರಟವರು.

1955ರ ಜುಲೈನಲ್ಲಿ ಕ್ಯಾನನ್ ಬೀದಿಯ ಆಯ್ದ ತಂಡ ಪಟ್ಟಣದ ಪಂದ್ಯಾವಳಿಗೆ ಹೆಸರು ಕೊಟ್ಟಿತು. ಬಿಳಿಯರ ತಂಡಗಳು ನಾವು ಆಡಲ್ಲ ಅಂತ ಹಿಂದೆ ಸರಿದವು. ಎದುರಾಳಿ ಬರದಿದ್ದರೆ ವಾಕ್‌ಓವರ್, ಕ್ಯಾನನ್ ಬೀದಿ ಗೆದ್ದಂತಾಯಿತು. ಜಿಲ್ಲೆಯಲ್ಲೂ ಇದೇ ಆಯಿತು. ರಾಜ್ಯದ ಪಂದ್ಯಾವಳಿ ಬಂತು. ಲಿಟ್ಲ್ ಲೀಗ್‌ನ ರಾಜ್ಯ ನಿರ್ದೇಶಕ ಡ್ಯಾನಿ ಜೋನ್ಸ್ ಬಿಳಿಯರಿಗೇ ಬೇರೆ ಪಂದ್ಯಾವಳಿ ಮಾಡಲು ಅಪ್ಪಣೆ ಕೇಳಿದ. ಸಂಸ್ಥೆಯ ಅಧ್ಯಕ್ಷ ಪೀಟರ್ ಮೆಕ್‌ಗವರ್ನ್ ಕೊಡಲಿಲ್ಲ. ಆಗ ರಾಜ್ಯದ 61 ಬಿಳಿ ತಂಡಗಳು ಒಟ್ಟಿಗೆ ಎದ್ದು ಹೋದವು. ಹನ್ನೆರಡು ವರ್ಷದ ಹದಿನಾಲ್ಕು ಹುಡುಗರ ಒಂದೇ ಒಂದು ತಂಡಕ್ಕೆ ಹೆದರಿ 61 ತಂಡಗಳು ಓಡಿಹೋದವು! ಹೆದರಿದ್ದು ಸೋಲುತ್ತೇವೆ ಅಂತಲೋ, ಮುಟ್ಟಿಸಿಕೊಳ್ಳುತ್ತೇವೆ ಅಂತಲೋ? ನಮ್ಮ ಓದುಗರೇ ಹೇಳಲಿ.

ಹೀಗೆ ಕ್ಯಾನನ್ ಬೀದಿಯ ಮಕ್ಕಳು ಒಂದು ಚೆಂಡೂ ಎಸೆಯದೆ, ಒಂದು ಚೆಂಡೂ ಹೊಡೆಯದೆ ರಾಜ್ಯದ ಚಾಂಪಿಯನ್ನರಾದರು. ಮುಂದಿನದು ಪ್ರಾಂತದ ಪಂದ್ಯಾವಳಿ, ಜಾರ್ಜಿಯಾದ ರೋಮ್ ಎಂಬ ಊರಲ್ಲಿ. ಅಲ್ಲಿ ನಿಯಮ ಪುಸ್ತಕ ಹೊರಗೆ ಬಂತು: ಆಡಿ ಗೆದ್ದು ಬಂದ ತಂಡಕ್ಕೆ ಮಾತ್ರ ಪ್ರವೇಶ, ವಾಕ್‌ಓವರ್‌ನಲ್ಲಿ ಬಂದವರಿಗೆ ಇಲ್ಲ.

ಗೆಳೆಯರೇ, ಈ ನಿಯಮವನ್ನು ಇನ್ನೊಂದು ಸಲ ಓದಿ. ಇದರಲ್ಲಿ ಬಣ್ಣದ ಮಾತಿಲ್ಲ, ಜನಾಂಗದ ಮಾತಿಲ್ಲ. ನೋಡಿದರೆ ಎಷ್ಟು ನ್ಯಾಯವಾಗಿದೆ. ಆಡದೆ ಗೆದ್ದವನು ಯಾಕೆ ಮುಂದೆ ಹೋಗಬೇಕು? ಆದರೆ ಆಡದಂತೆ ಮಾಡಿದವರು ಯಾರು? ಅವರನ್ನು ಯಾರೂ ಕೇಳಲಿಲ್ಲ. ಆಡಗೊಡದವರೇ "ನೀವು ಆಡಿದ್ದೀರಾ?" ಅಂತ ಕೇಳಿದರು. ನಮ್ಮನ್ನು ಸಾವಿರಾರು ವರ್ಷ ಅಕ್ಷರದಿಂದ ದೂರ ಇಟ್ಟವರು ಇವತ್ತು ಅಂಕಪಟ್ಟಿ ಕೇಳುವ ಧಾಟಿಯೂ ಇದೇ.

ಮೆಕ್‌ಗವರ್ನ್ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಬಿಳಿಯರ ಬೇರೆ ಪಂದ್ಯಾವಳಿಗೆ ಆತ ಒಪ್ಪಲಿಲ್ಲ, ಅದಕ್ಕಾಗಿ ದಕ್ಷಿಣದಲ್ಲಿ ನೂರಾರು ಲೀಗುಗಳನ್ನು ಕಳೆದುಕೊಂಡ. ಅಷ್ಟು ನಿಷ್ಠುರನಾದವನು ರೋಮ್‌ನ ಬಾಗಿಲಲ್ಲಿ ಮಾತ್ರ ನಿಯಮ ನಿಯಮವೇ ಅಂದುಬಿಟ್ಟ. ಸಮಾಧಾನಕ್ಕೆ ಮಕ್ಕಳನ್ನು ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಕರೆದ. ಉದಾರವಾದಿಗಳನ್ನು ನಾವೂ ಬಲ್ಲೆವು. ಮನೆಗೆ ಕರೀತಾರೆ, ಕುರ್ಚಿ ಹಾಕ್ತಾರೆ, ಅಡುಗೆಮನೆ ಬಾಗಿಲು ಮಾತ್ರ ಮುಚ್ಚಿರ್ತಾರೆ.

ಮಕ್ಕಳು ಬಸ್ಸು ಹತ್ತಿ ಹೋದರು. ದಕ್ಷಿಣದ ಬೇಲಿ ದಾಟಿ, ಬೇರೆ ತಂಡಗಳ ಮಕ್ಕಳ ಜೊತೆ ಒಂದೇ ಕಾಲೇಜು ಹಾಸ್ಟೆಲಿನಲ್ಲಿ ಇಳಿದುಕೊಂಡರು. ಆಟದ ದಿನ ಅವರ ಹೆಸರು ಕೂಗಿ ಮೈದಾನಕ್ಕೆ ಕರೆದರು, ಸ್ವಲ್ಪ ಹೊತ್ತು ಕೈ ಬಿಸಿ ಮಾಡಿಕೊಳ್ಳಲು ಬಿಟ್ಟರು. ಹುಡುಗರು ಚೆಂಡು ಎಸೆದು ಹಿಡಿದು ತೋರಿಸಿದರು. ನೋಡುತ್ತಿದ್ದ ಜನ, ಬಿಳಿಯರೇ, ಆಡಲಿ ಬಿಡಿ, ಅವರೂ ಆಡಲಿ ಬಿಡಿ ಅಂತ ಕೂಗಿದರು. ಬಿಡಲಿಲ್ಲ. ಮಕ್ಕಳು ಸಮವಸ್ತ್ರದಲ್ಲೇ ಹೋಗಿ ನೋಡುವವರ ಸಾಲಿನಲ್ಲಿ ಕೂತರು. ಆಗಸ್ಟ್ 26ರಂದು ಅಂತಿಮ ಪಂದ್ಯ ಮುಗಿಯಿತು. ಎರಡು ದಿನ ಕಳೆದು, ಆಗಸ್ಟ್ 28ರಂದು, ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಮನೆಯಿಂದ ಎಳೆದೊಯ್ದು ಕೊಂದರು. ಕಪ್ಪು ಮಗುವಿಗೆ ಅಂದಿನ ದಕ್ಷಿಣದಲ್ಲಿ ಮೈದಾನ ಎಷ್ಟು ದೂರ, ಸಾವು ಎಷ್ಟು ಹತ್ತಿರ ಅಂತ ಆ ಒಂದು ವಾರವೇ ಹೇಳುತ್ತೆ.

ಮಕ್ಕಳೇ ಆಡಲು ಒಪ್ಪುತ್ತಿರಲಿಲ್ಲ ಎಂಬ ಸಬೂಬನ್ನೂ ಕೇಳಿದ್ದೇವೆ. ಅದು ಸುಳ್ಳು. ಅದೇ ಆಗಸ್ಟ್ 9ರಂದು ಫ್ಲಾರಿಡಾದಲ್ಲಿ ಪೆನ್ಸಕೋಲಾದ ಕಪ್ಪು ಮಕ್ಕಳ ತಂಡಕ್ಕೂ ಒರ್ಲಾಂಡೊದ ಬಿಳಿ ಮಕ್ಕಳ ತಂಡಕ್ಕೂ ಪಂದ್ಯ ಬಿತ್ತು. ಒರ್ಲಾಂಡೊದ ಮಕ್ಕಳನ್ನೇ ಕೇಳಿದರು. ಆಡ್ತೇವೆ ಅಂತ ಮಕ್ಕಳು ಓಟು ಹಾಕಿದರು, ಆಡಿದರು. ಒರ್ಲಾಂಡೊ 5–0 ಅಂತರದಲ್ಲಿ ಗೆದ್ದಿತು. ಯಾರ ಧರ್ಮವೂ ಕೆಡಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಪೆನ್ಸಕೋಲಾದ ಹುಡುಗರು ಸೋತರು, ಹೌದು. ಆದರೆ ಸೋಲುವ ಹಕ್ಕಾದರೂ ಅವರಿಗೆ ಸಿಕ್ಕಿತು. ಕ್ಯಾನನ್ ಬೀದಿಯವರಿಗೆ ಅದೂ ಸಿಗಲಿಲ್ಲ.

ಚಾರ್ಲ್‌ಸ್ಟನ್ನಿನಲ್ಲಿ ಜೋನ್ಸ್ ಲಿಟ್ಲ್ ಲೀಗ್ ಬಿಟ್ಟು ಬಿಳಿ ಮಕ್ಕಳಿಗೇ ಬೇರೆ ಸಂಸ್ಥೆ ಕಟ್ಟಿದ. ಮುಂದೆ ಡಿಕ್ಸಿ ಯೂತ್ ಎಂಬ ಹೆಸರಲ್ಲಿ ಅದು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿತು. ಅದರ ಚಿಹ್ನೆ ಗುಲಾಮಗಿರಿಗಾಗಿ ಯುದ್ಧ ಮಾಡಿದ ಧಣಿಗಳ ಬಾವುಟ. ಮಕ್ಕಳ ಅಂಗಿ ತೋಳಿನ ಮೇಲೆ ಆ ಬಾವುಟ ದಶಕಗಳ ಕಾಲ ಇತ್ತು. 2002ರಲ್ಲಿ ಲಿಟ್ಲ್ ಲೀಗ್ ಕ್ಯಾನನ್ ಬೀದಿಯ ಆಟಗಾರರನ್ನು ವಿಲಿಯಮ್ಸ್‌ಪೋರ್ಟ್‌ಗೆ ಕರೆದು 1955ರ ರಾಜ್ಯ ಚಾಂಪಿಯನ್ನರೆಂಬ ಬಾವುಟ ಕೊಟ್ಟಿತು. ಆ ಹೊತ್ತಿಗೆ ಅವರಿಗೆ ಅರುವತ್ತು ಸಮೀಪಿಸಿತ್ತು. ಬಾವುಟ ಕೊಡಬಹುದು, ಸತ್ಕಾರ ಮಾಡಬಹುದು. ಹನ್ನೆರಡು ವರ್ಷದ ಬೇಸಿಗೆಯನ್ನು ಮತ್ತೆ ಕೊಡಲು ಯಾವ ಸಂಸ್ಥೆಗೆ ಆಗುತ್ತೆ?

*

ಕ್ಯಾನನ್ ಬೀದಿಯ ಮಕ್ಕಳು ಹೆಸರು ಕೊಟ್ಟ ಅದೇ 1955ರ ಜುಲೈ ತಿಂಗಳ 4ರಂದು ಮುಂಬಯಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಹೆಸರು ಪಲ್ವಂಕರ್ ಬಾಳು. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರರ ಮಗ. ಅಪ್ಪ ಸೈನ್ಯದ ಚಾಕರಿಯವನು, ಸಂಸಾರ ಪುಣೆಗೆ ಹೋಯಿತು. ಅಧಿಕಾರಿಗಳು ಬಿಸಾಕಿದ ಬ್ಯಾಟು ಚೆಂಡಿನಲ್ಲಿ ಬಾಳು ಮತ್ತು ತಮ್ಮ ಶಿವರಾಮ ಕ್ರಿಕೆಟ್ ಕಲಿತರು.

ಹದಿಹರೆಯದ ಬಾಳುವಿಗೆ ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಪಿಚ್ಚಿಗೆ ರೋಲರ್ ಎಳೆಯೋದು, ಬಲೆ ಕಟ್ಟೋದು, ಸಾಹೇಬರು ಅಭ್ಯಾಸ ಮಾಡುವಾಗ ಬೌಲಿಂಗ್ ಹಾಕೋದು. ಗ್ರೇಗ್ ಎಂಬ ದೊಡ್ಡ ಬ್ಯಾಟ್ಸ್‌ಮನ್ ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನಂತೆ. ಗಂಟೆಗಟ್ಟಲೆ ಚೆಂಡು ಎಸೆದೆಸೆದು ಆ ಎಡಗೈ ಪಳಗಿತು. ಆದರೆ ಅಷ್ಟು ವರ್ಷದಲ್ಲಿ ಅವನ ಕೈಗೆ ಬ್ಯಾಟು ಮಾತ್ರ ಕೊಡಲಿಲ್ಲ ಎಂದು ಚರಿತ್ರೆಕಾರರು ಬರೆಯುತ್ತಾರೆ. ಬೆವರಿನ ಕೆಲಸ ನಮಗೆ, ಬ್ಯಾಟು ಅವರಿಗೆ. ಆಟದ ಒಳಗೂ ವರ್ಣ ವ್ಯವಸ್ಥೆ!

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆಯಿಂದ ಪುಣೆಯ ಹಿಂದೂ ಕ್ಲಬ್ಬು ಬಾಳುವನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟಿದರು. ಚಹಾದ ಹೊತ್ತಿಗೆ ಅವರಿಗೆ ಪಿಂಗಾಣಿ ಬಟ್ಟಲು ಒಳಗೆ, ಬಾಳುವಿಗೆ ಎಸೆಯುವ ಮಣ್ಣಿನ ಕುಡಿಕೆ ಹೊರಗೆ. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅಣ್ಣ ತಮ್ಮ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಬಾಳು 100ಕ್ಕೂ ಹೆಚ್ಚು ವಿಕೆಟ್ ತೆಗೆದ. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊಡಲಿಲ್ಲ. ಅದು ಬಂದದ್ದು 1923ರಲ್ಲಿ, ಅವನ ಇನ್ನೊಬ್ಬ ತಮ್ಮ ವಿಠಲನಿಗೆ, ಅದೂ ಜಗಳವಾಡಿದ ಮೇಲೆ.

ಅರ್ಹತೆಯ ಭಕ್ತರು ಬಾಳುವಿನ ಕಥೆಯನ್ನು ತಮಗೆ ಬೇಕಾದಂತೆ ಹೇಳ್ತಾರೆ: ನೋಡಿ, ಯೋಗ್ಯತೆ ಇದ್ದ, ಮೇಲೆ ಬಂದ. ನಾವು ಕೇಳೋದು ಬೇರೆ. ಅವನಿಗೆ ಚೆಂಡು ಸಿಕ್ಕಿದ್ದೂ ಸಾಹೇಬರಿಗೆ ಎಸೆಯುವ ಆಳು ಬೇಕಾಗಿತ್ತು ಅಂತ. ಸಿಕ್ಕಿದ್ದರಲ್ಲಿ ಅವನು ದೇಶದ ದೊಡ್ಡ ಬೌಲರ್ ಆದ. ಬ್ಯಾಟೂ ಸಿಕ್ಕಿದ್ದರೆ ಏನಾಗುತ್ತಿದ್ದ? ರೋಲರ್ ಎಳೆಯುವ ಕೆಲಸವೂ ಸಿಗದ ಉಳಿದ ಕೇರಿ ಹುಡುಗರು ಏನಾಗುತ್ತಿದ್ದರು? ಈ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ.

*

ಅದೆಲ್ಲ ಹಳೇ ಕಥೆ, ಈಗ ಬೇಲಿ ಎಲ್ಲಿದೆ ಅಂತ ಕೇಳಿದರೆ ಮತ್ತೆ ಅಮೆರಿಕದ ಕಡೆಗೇ ನೋಡಬೇಕು. ಈಗ ಅಲ್ಲಿ ತೋಳಿನ ಮೇಲೆ ಬಾವುಟ ಬೇಕಾಗಿಲ್ಲ, ಬೇಲಿಯನ್ನು ದುಡ್ಡಿನಲ್ಲಿ ಕಟ್ಟಿದ್ದಾರೆ. ಊರ ಬಯಲಿನ ಆಟ ಸೊರಗಿದೆ. ಅದರ ಜಾಗಕ್ಕೆ ಬಂದಿರುವುದು ಟ್ರಾವೆಲ್ ಬಾಲ್. ಖಾಸಗಿ ತಂಡಗಳು ಏಳೆಂಟು ವರ್ಷದ ಮಕ್ಕಳನ್ನೇ ಪರೀಕ್ಷೆ ಮಾಡಿ ಆರಿಸುತ್ತವೆ. ಸಂಬಳದ ಕೋಚು, ವಾರದ ಕೊನೆಗೆ ಬೇರೆ ಊರು ಬೇರೆ ರಾಜ್ಯದ ಪಂದ್ಯಾವಳಿ, ಹೋಟೆಲು, ಪೆಟ್ರೋಲು, ಬ್ಯಾಟು, ಎಲ್ಲ ತಂದೆತಾಯಿಯ ಖರ್ಚು. ದೊಡ್ಡ ಕ್ಲಬ್ಬುಗಳಿಗೆ ಆಟಗಾರರನ್ನು ಹುಡುಕುವವರು, ಕಾಲೇಜಿನ ಕೋಚುಗಳು ಬಂದು ನೋಡುವುದು ಈ ಪಂದ್ಯಾವಳಿಗಳನ್ನೇ. ಆಸ್ಪೆನ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಒಂದು ಮಗುವಿನ ಮುಖ್ಯ ಆಟವೊಂದಕ್ಕೇ ಸಂಸಾರ ವರ್ಷಕ್ಕೆ ಸರಾಸರಿ 1,016 ಡಾಲರ್ ಸುರಿಯುತ್ತಿತ್ತು, 2019ಕ್ಕಿಂತ 46 ಶೇಕಡಾ ಹೆಚ್ಚು. ಟ್ರಾವೆಲ್ ತಂಡದ ಖರ್ಚು ಇದರ ಎಷ್ಟೋ ಪಟ್ಟು ಆಗಬಹುದು. ಎಪ್ಪತ್ತೈದಕ್ಕೂ ಹೆಚ್ಚು ವರ್ಷದ ಹಿಂದೆ ಬಸ್ಸು ಕೇಳಿದವರ ಮೊಮ್ಮಕ್ಕಳಿಗೆ ಈಗಲೂ ಗಾಡಿಯದೇ ತಾಪತ್ರಯ.

ಏಳು ವರ್ಷಕ್ಕೇ ಆರಿಸುವುದರಲ್ಲಿ ಇನ್ನೊಂದು ಮೋಸ ಇದೆ. ಆ ವಯಸ್ಸಿನಲ್ಲಿ ಆರೇಳು ತಿಂಗಳು ದೊಡ್ಡವನಾದ ಹುಡುಗ ಎತ್ತರ ಇರ್ತಾನೆ, ಜೋರಾಗಿ ಎಸೀತಾನೆ. ಅದನ್ನೇ ಪ್ರತಿಭೆ ಅಂತಾರೆ. ಅವನಿಗೆ ಒಳ್ಳೆ ಕೋಚು, ಹೆಚ್ಚು ಪಂದ್ಯ. ಎರಡು ವರ್ಷ ಕಳೆದರೆ ಅವನು ನಿಜವಾಗಿಯೂ ಚೆನ್ನಾಗಿ ಆಡ್ತಾನೆ. ಬಿಟ್ಟುಹೋದವನು ನಿಜವಾಗಿಯೂ ಹಿಂದೆ ಬಿದ್ದಿರ್ತಾನೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ, ನೋಡಿ ನಮ್ಮ ಆಯ್ಕೆ ಸರಿಯಾಗಿತ್ತು ಅಂತಾರೆ. ಕಪ್ಪು ಹುಡುಗನಿಗೂ ಬಡ ಬಿಳಿ ಹುಡುಗನಿಗೂ ಏಟು ಬೀಳೋದು ಹೀಗೇ.

ಫಲ ಏನಾಯಿತು? ಬೇಸ್‌ಬಾಲ್ ಚರಿತ್ರೆಕಾರರ ಸಂಘದ ಎಣಿಕೆಯಂತೆ 1981ರಲ್ಲಿ ದೊಡ್ಡ ಲೀಗಿನ ಆಟಗಾರರಲ್ಲಿ 18.7 ಶೇಕಡಾ ಅಮೆರಿಕದ ಕಪ್ಪು ಜನರಿದ್ದರು. 2024ರ ಹೊತ್ತಿಗೆ ಅದು 6 ಶೇಕಡಾಕ್ಕೆ ಬಂತು. 2022ರ ಅಂತಿಮ ಸರಣಿಯಲ್ಲಿ ಆಡಿದ ಎರಡು ತಂಡಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಪ್ಪು ಆಟಗಾರ ಒಬ್ಬನೂ ಇರಲಿಲ್ಲ. 1950ರ ನಂತರ ಇದೇ ಮೊದಲು. ಬಾಸ್ಕೆಟ್‌ಬಾಲ್ ಕಡೆ ಹೋದರು ಅನ್ನೋದೂ ಒಂದು ಕಾರಣ, ಸುಳ್ಳಲ್ಲ. ಆದರೆ ಬಾಸ್ಕೆಟ್‌ಬಾಲ್‌ಗೆ ಒಂದು ಚೆಂಡು, ಬೀದಿ ಬದಿಯ ಒಂದು ಬಳೆ ಸಾಕು ಎಂಬುದನ್ನೂ ಜೊತೆಗೇ ಹೇಳಬೇಕು. ರಾಬಿನ್ಸನ್ ಒಡೆದ ಗೋಡೆಯನ್ನು ರಸೀದಿ ಪುಸ್ತಕ ಸದ್ದಿಲ್ಲದೆ ಮತ್ತೆ ಕಟ್ಟಿತು.

*

ಈಗ ಆ ಬಾಣಕ್ಕೆ ಉತ್ತರ. ಕ್ರಿಕೆಟ್ ಟೀಮಿಗೂ ಮೀಸಲಾತಿ ಇಡ್ತೀರಾ? ಇಟ್ಟ ದೇಶ ಇದೆ ಸ್ವಾಮಿ. ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ 2016ರಲ್ಲಿ, ಒಂದು ಋತುವಿನ ಸರಾಸರಿಯಲ್ಲಿ ತಂಡದಲ್ಲಿ ಕನಿಷ್ಠ ಆರು ಮಂದಿ ಬಿಳಿಯರಲ್ಲದವರು, ಅವರಲ್ಲಿ ಇಬ್ಬರು ಕಪ್ಪು ಆಫ್ರಿಕನ್ನರು ಇರಬೇಕು ಎಂಬ ಗುರಿ ಇಟ್ಟಿತು. ಅಲ್ಲಿನ ಟೆಂಬಾ ಬವುಮನನ್ನು ಕೋಟಾ ಆಟಗಾರ ಅಂತ ವರ್ಷಗಟ್ಟಲೆ ಹಂಗಿಸಿದರು, ನಮ್ಮ ದೇಶದಲ್ಲೂ ನಕ್ಕರು. 2025ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಟೆಸ್ಟ್ ಚಾಂಪಿಯನ್ ಪಟ್ಟ ಹಿಡಿದ ತಂಡದ ನಾಯಕ ಅದೇ ಬವುಮ.

ಇಲ್ಲಿಗೇ ನಿಂತರೆ ನಾವೂ ಮೋಸಹೋದ ಹಾಗೆ. ಬವುಮ ಹುಟ್ಟಿದ್ದು ಕೇಪ್‌ಟೌನಿನ ಲಾಂಗಾ ಎಂಬ ಕಪ್ಪು ಕೇರಿಯಲ್ಲಿ. ಓದಿದ್ದು ಒಳ್ಳೆ ಮೈದಾನ, ಒಳ್ಳೆ ಕೋಚು ಇದ್ದ, ಹಿಂದೆ ಬಿಳಿಯರದೇ ಆಗಿದ್ದ ಶಾಲೆಗಳಲ್ಲಿ. ಆ ಬಾಗಿಲು ತೆರೆದದ್ದರಿಂದ ಅವನು ಬಂದ. ಲಾಂಗಾದಲ್ಲೇ ಉಳಿದ ಹುಡುಗನಿಗೆ ಹನ್ನೊಂದರ ತಂಡದ ಗುರಿಯಿಂದ ಏನೂ ಸಿಗಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಜಾಗ ಕೇಳುವಾಗ ಕೆಳಗಿನ ಮೆಟ್ಟಿಲನ್ನೂ ಕೇಳಬೇಕು.

ನಮ್ಮಲ್ಲಿ ಆ ಮೆಟ್ಟಿಲು ಅಂದರೆ ಹೋಬಳಿ ಮಟ್ಟದ ಕ್ರೀಡಾಕೂಟ. ಅಲ್ಲಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಶಾಲೆಗೆ ದೈಹಿಕ ಶಿಕ್ಷಕರು ಇದ್ದಾರಾ? ಮೈದಾನ ಇದೆಯಾ, ಅಥವಾ ಅಲ್ಲಿ ಊರ ಗೌಡನ ಹುಲ್ಲಿನ ಬಣವೆ ಇದೆಯಾ? ಜಿಲ್ಲೆಗೆ ಆಯ್ಕೆಯಾದ ಕೂಲಿಯವನ ಮಗಳಿಗೆ ಬಸ್ ಚಾರ್ಜು ಯಾರು ಕೊಟ್ಟರು, ಶೂ ಯಾರು ಕೊಡಿಸಿದರು, ರಾತ್ರಿ ಎಲ್ಲಿ ಮಲಗಿಸಿದರು? ಆಯ್ಕೆಯಾಗಿಯೂ ಹೋಗದೆ ಉಳಿದವರ ಹೆಸರನ್ನು ಯಾರಾದರೂ ಬರೆದಿಟ್ಟರಾ? ನಮ್ಮ ಸಂಘಟನೆಯ ಗೆಳೆಯರು ತಮ್ಮ ತಮ್ಮ ಹೋಬಳಿಗಳಲ್ಲಿ ಈ ಪ್ರಶ್ನೆಗಳನ್ನು ಹಿಡಿದು ಹೋಗಲಿ, ಉತ್ತರ ಬರೆದುಕೊಂಡು ಬರಲಿ. ವಾಕ್‌ಓವರ್ ಕೊಟ್ಟವರು ಯಾರು, ಯಾರ ಮಗು ಸಮವಸ್ತ್ರ ಹಾಕಿಕೊಂಡು ನೋಡುವವರ ಸಾಲಿನಲ್ಲಿ ಕೂತಿದೆ ಅನ್ನೋದು ಆ ಪಟ್ಟಿಯಲ್ಲಿ ಗೊತ್ತಾಗುತ್ತೆ. ಆ ಪಟ್ಟಿ ಕೈಯಲ್ಲಿಟ್ಟುಕೊಂಡು ಆಮೇಲೆ ಅರ್ಹತೆಯ ಮಾತಾಡೋಣ.